ಕೆನ್ನೆಯ ಕೆಂಪು

ಜನವರಿ ೯

ಪ್ರೀತಿಯ ಅಕ್ಕನಿಗೆ,

ಮಂಡಿ ನೋವು ಹೇಗಿದೆ? ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ಜಗಳ ತೆಗೆಯುತ್ತೀಯ. ಆದ್ದರಿಂದ ಕಾಗದವೇ ವಾಸಿ.

ಒಂದು ಸುದ್ದಿ ಇದೆ. ಚಿತ್ರ ಸಂಗ್ರಹಾಲಯದ ಹೊಸ ಕಟ್ಟಡ ಮುಗಿಯುತ್ತಾ ಬಂದಿದೆ. ಅದರ ನಡುಕೋಣೆಯಲ್ಲಿ ಅಪ್ಪನ ‘ಕಿಟಕಿಯ ಹುಡುಗಿ’ ಒಂದನ್ನೇ ಹಾಕುತ್ತಾರಂತೆ. ಮೂರು ಗೋಡೆ ಖಾಲಿ, ನಾಲ್ಕನೆಯದರ ಮೇಲೆ ನಮ್ಮ ಪುಟ್ಟ ತಂಗಿ ಗುಬ್ಬಿ. ಪಕ್ಕದಲ್ಲಿ ಹಾಕಲು ಎರಡು ಪುಟದ ಬರಹವನ್ನು ನಿರ್ದೇಶಕರು ನನ್ನಿಂದ ಕೇಳಿದ್ದಾರೆ. ಏಪ್ರಿಲ್‌ಗೆ ನನಗೆ ನಿವೃತ್ತಿ. ಕೊನೆಯ ಪಾಠವೂ ಆ ಚಿತ್ರದ ಮೇಲೆಯೇ ಎಂದು ವಿಭಾಗದವರು ಆಗಲೇ ಸಾರಿಬಿಟ್ಟಿದ್ದಾರೆ.

ನನ್ನ ವಾದ ನಿನಗೆ ಗೊತ್ತು. ಆ ಚಿತ್ರದ ಮೇಲಿನ ನನ್ನ ಪುಸ್ತಕವನ್ನು ಓದಿದ್ದೇನೆ ಎಂದು ನೀನು ಹೇಳಿದ್ದೆ, ನಂಬಿದ್ದೇನೆ. ಚಿತ್ರ ಸುಂದರವಾಗಿದೆ ಎಂಬ ಕಾರಣಕ್ಕೆ ಅದನ್ನು ಬರೆದವನ ತಪ್ಪು ಮಾಫಿಯಾಗುವುದಿಲ್ಲ ಎಂದೇ ನಾನು ಮೂವತ್ತನಾಲ್ಕು ವರ್ಷ ಕಲಿಸಿದ್ದೇನೆ. ಆದರೆ ತಪ್ಪೇ ಇಲ್ಲದೆ ಬರೀ ದುರದೃಷ್ಟ ಇದ್ದಲ್ಲಿ ಸೌಂದರ್ಯ ತಲೆ ತಗ್ಗಿಸಬೇಕಾಗಿಲ್ಲ. ಅದಕ್ಕೆ ನನ್ನ ಉದಾಹರಣೆ ಅಪ್ಪನ ಚಿತ್ರ. ಆರು ವರ್ಷದ ಮಗಳನ್ನು ಕಿಟಕಿಯ ಬಳಿ ಕೂರಿಸಿ ತಂದೆ ಚಿತ್ರ ಬರೆದ. ಚಿತ್ರ ಮುಗಿಯುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಡಾಕ್ಟರಿಗೆ ಹೇಳಿ ಕಳಿಸಿದರೆ ಅವರು ಯಾವುದೋ ಹೆರಿಗೆಗೆ ಹೋಗಿದ್ದರು. ಮಗು ಉಳಿಯಲಿಲ್ಲ. ಇದರಲ್ಲಿ ಯಾರನ್ನು ದೂರುವುದು?

ಮೊನ್ನೆ ತರಗತಿಯಲ್ಲಿ ಕನ್ನಡಕದ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಅಷ್ಟು ದಿನ ಕೂತಿದ್ದಾಗ ಮಗು ಕೆಮ್ಮುತ್ತಾ ಇರಲಿಲ್ವಾ?” ಎಂದು ಕೇಳಿದಳು. ಪುಸ್ತಕದಲ್ಲಿದ್ದ ಉತ್ತರವನ್ನೇ ಕೊಟ್ಟೆ. ಅವಳು ಕೂತಳು, ಆದರೆ ಬರೆದುಕೊಳ್ಳಲಿಲ್ಲ.

ನನಗೆ ಆಗ ಒಂಬತ್ತು ವರ್ಷ. ಬೀದಿಯಲ್ಲಿ ಆಡಿಕೊಂಡಿದ್ದವನಿಗೆ ಏನು ನೆನಪಿರುತ್ತದೆ? ನಿನಗೆ ಹದಿನಾಲ್ಕು. ಡಾಕ್ಟರ ಮನೆಗೆ ಹೋದವಳೂ ನೀನೇ. ಅಪ್ಪ ಎಷ್ಟು ದಿನ ಬರೆದರು, ಜ್ವರ ಯಾವತ್ತು ಬಂತು, ಇಷ್ಟು ತಿಳಿಸು. ಗೋಡೆಯ ಮೇಲೆ ತಪ್ಪು ಬರೆದರೆ ತೊಡೆಯುವುದು ಕಷ್ಟ.

ನಿನ್ನ ತಮ್ಮ

*

ಜನವರಿ ೨೧

ತಮ್ಮಾ,

ಕಾಗದ ಬಂತು. ಮಂಡಿ ಇದ್ದಲ್ಲೇ ಇದೆ. ಮೇಲಿನ ಮನೆಯಾಕೆ ಮೂರು ದಿನದಿಂದ ಪಿಯಾನೋ ಕಲಿಯುತ್ತಿದ್ದಾಳೆ. ನನ್ನ ಕಿವಿ ಮಂದವಾದದ್ದು ಎಂಥ ಪುಣ್ಯ ಎಂದು ಈಗ ತಿಳಿಯಿತು.

ನೀನು ಕೇಳಿದ್ದಕ್ಕೆ ಉತ್ತರ. ಅಪ್ಪ ಹನ್ನೊಂದು ದಿನ ಬರೆದರು. ಮೂರನೆಯ ಮಹಡಿ, ಐವತ್ತೆರಡು ಮೆಟ್ಟಿಲು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹಗಲು ಪಾಳಿ. ಟರ್ಪೆಂಟೈನ್ ವಾಸನೆಗೆ ನೆಲಮಹಡಿಯವರು ದಿನಾ ಗೊಣಗುತ್ತಿದ್ದರು. ಇಷ್ಟು ಸಾಕಲ್ಲ?

ಡಾಕ್ಟರು ಮನೆಯಲ್ಲಿರಲಿಲ್ಲ. ಮೊದಲು ಹೇಗೆ ಬರೆದಿದ್ದೀಯೋ ಹಾಗೇ ಬರೆದುಬಿಡು. ಅದನ್ನೇಕೆ ಮತ್ತೆ ಕೆದಕುತ್ತೀಯ?

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ನಿನ್ನ ಹೆಂಡತಿಯ ತಲೆ ತಿನ್ನಬೇಡ. ಏನಾದರೂ ಕೈಕೆಲಸ ಕಲಿ.

ಅಕ್ಕ

*

ಫೆಬ್ರವರಿ ೨

ಪ್ರೀತಿಯ ಅಕ್ಕ,

ಹನ್ನೊಂದು ದಿನ, ಐವತ್ತೆರಡು ಮೆಟ್ಟಿಲು! ನಿನ್ನ ನೆನಪಿಗೆ ಕೈ ಮುಗಿಯಬೇಕು. ಕಾಗದ ಚಿಕ್ಕದಾಯಿತು ಎಂದು ಬೇಸರವಿಲ್ಲ, ಬೆರಳು ನೋಯುತ್ತಿರಬೇಕು ಎಂದುಕೊಂಡೆ.

ಬರೆಯುವ ಮೊದಲು ಚಿತ್ರವನ್ನು ಒಮ್ಮೆ ನೋಡೋಣ ಎಂದು ಸೋಮವಾರ ಹೋದೆ. ಸಂಗ್ರಹಾಲಯಕ್ಕೆ ರಜೆ, ಒಳಗೆ ಯಾರೂ ಇರಲಿಲ್ಲ. ಹಳೆಯ ಕಟ್ಟಡದಲ್ಲಿ ಚಿತ್ರ ಈಗಿರುವ ಕೋಣೆಯ ಕಾವಲಿಗೆ ಒಬ್ಬ ಹೆಂಗಸು ಇದ್ದಾಳೆ. ಐವತ್ತರ ಹತ್ತಿರದವಳು, ನೀಲಿ ಸಮವಸ್ತ್ರ, ಕೈಯಲ್ಲಿ ಹೆಣಿಗೆ. ಕುರ್ಚಿಯನ್ನು ಚಿತ್ರಕ್ಕೆ ಬೆನ್ನು ಮಾಡಿ ಹಾಕಿಕೊಂಡಿದ್ದಳು. ತಮಾಷೆಗೆ, “ಏನಮ್ಮಾ, ನೋಡಿ ನೋಡಿ ಬೇಜಾರಾಯ್ತಾ?” ಎಂದೆ.

“ಬೇಜಾರಲ್ಲ ಸರ್,” ಎಂದಳು. “ಹನ್ನೆರಡು ವರ್ಷದಿಂದ ಇಲ್ಲಿ ಕೂತಿದೀನಿ. ಮೊದಮೊದಲು ನೋಡ್ತಿದ್ದೆ. ಆಮೇಲೆ ಆಗಲಿಲ್ಲ. ಆ ಮಗೂಗೆ ಜ್ವರ ಇದೆ.”

“ಹಾಗಂತ ಯಾರು ಹೇಳಿದ್ರು?”

“ಯಾರು ಹೇಳಬೇಕು? ನಾಲ್ಕು ಮಕ್ಕಳನ್ನ ಸಾಕಿದೀನಿ. ಕೆನ್ನೆ ನೋಡಿ, ಕಣ್ಣು ನೋಡಿ, ತುಟಿ ಹೇಗೆ ಒಣಗಿದೆ ನೋಡಿ. ಕೈ ಇಟ್ಟರೆ ಸುಡುತ್ತೆ. ಎತ್ತಿಕೊಂಡು ಹೋಗಿ ಮಲಗಿಸೋಣ ಅನ್ಸುತ್ತೆ ಸರ್.”

ಅಕ್ಕ, ಆ ಕೆನ್ನೆಯ ಕೆಂಪಿನ ಬಗ್ಗೆ ನನ್ನ ಪುಸ್ತಕದಲ್ಲಿ ನಾಲ್ಕು ಪುಟ ಇದೆ. ಒಳಗಿನಿಂದ ಹೊತ್ತಿಕೊಂಡ ಬೆಳಕು ಎಂದು ಬರೆದಿದ್ದೇನೆ. ಬೇರೆ ಭಾಷೆಗಳಲ್ಲಿ ಅದನ್ನು ಎತ್ತಿ ಬರೆದವರಿದ್ದಾರೆ. ನಾಲ್ಕು ಮಕ್ಕಳ ತಾಯಿ ಒಂದು ಮಾತಿನಲ್ಲಿ ಅದನ್ನು ಒರೆಸಿಹಾಕಿದಳು. ನಾನು ಹತ್ತಿರ ಹೋಗಿ ನೋಡಿದೆ. ಮೊದಲ ಸಲ ನನಗೂ ಜ್ವರವೇ ಕಂಡಿತು. ಈಗ ಬೇರೇನೂ ಕಾಣುತ್ತಿಲ್ಲ.

ಗುರುವಾರ ಪಾಠ ಮಾಡುವಾಗ ಇನ್ನೊಂದಾಯಿತು. ಹಿಂದಿನ ಸಾಲಿನ ಕೊನೆಯಲ್ಲಿ, ಕಿಟಕಿಯ ಪಕ್ಕದ ಜಾಗ ಖಾಲಿ ಇರುತ್ತದೆ, ಹೀಟರಿನಿಂದ ದೂರ ಎಂದು ಯಾರೂ ಕೂರುವುದಿಲ್ಲ. ಅಲ್ಲಿ ಯಾರೋ ಅಲುಗಾಡದೆ ಕೂತ ಹಾಗೆ ಅನಿಸಿತು. ಮಾತಿನ ನಡುವೆ ನಿಂತುಬಿಟ್ಟೆ. ಮಕ್ಕಳು ನನಗೆ ವಯಸ್ಸಾಯಿತು ಎಂದುಕೊಂಡಿರಬೇಕು. ಆಗಿದೆಯಲ್ಲ.

ಜ್ವರ ಕೊನೆಯ ಎರಡು ದಿನ ಬಂದದ್ದು ಎಂದು ನಾನು ಬರೆದಿದ್ದೇನೆ. ಆದರೆ ಮುಖವನ್ನು ಅಪ್ಪ ಬರೆದದ್ದು ಅದಕ್ಕೂ ಮೊದಲಲ್ಲವೇ? ಕೊನೆಗೆ ಉಳಿಸಿಕೊಂಡದ್ದು ಪರದೆ, ನೆಲ. ಜ್ವರ ಬಂದದ್ದು ಯಾವತ್ತು, ಅಕ್ಕ?

ತಮ್ಮ

*

ಫೆಬ್ರವರಿ ೨೪

ಅಕ್ಕ,

ಮೂರು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ಕೋಪವೇ? ಅಪ್ಪನ ವಿಷಯದಲ್ಲಿ ಕಾವಲಿನವಳ ಮಾತಿಗೆ ಬೆಲೆ ಕೊಟ್ಟೆ ಎಂದೇ? ನೀನು ಅಪ್ಪನನ್ನು ಎಷ್ಟು ಹಚ್ಚಿಕೊಂಡಿದ್ದೆ ಎಂದು ಗೊತ್ತಿದ್ದೂ ಹಾಗೆ ಬರೆಯಬಾರದಿತ್ತು.

ಗೋಡೆಯ ಬರಹ ಮೊದಲ ಸಾಲಿನಲ್ಲೇ ನಿಂತಿದೆ. ಮನೆಯಲ್ಲಿ ನನಗೆ ವಿಪರೀತ ಚಳಿ. ಒಂದೊಂದು ಕೋಣೆಗೂ ಹೋಗಿ ಕಿಟಕಿ ಮುಚ್ಚಿದೆಯೇ ಎಂದು ತಳ್ಳಿ ನೋಡುತ್ತೇನೆ. ನಿನ್ನೆ ಇವಳು ದಾರಿಗೆ ಅಡ್ಡ ನಿಂತು, “ಎಲ್ಲಾ ಮುಚ್ಚಿದೆ ಅಂತ ಎಷ್ಟು ಸಲ ಹೇಳ್ಲಿ? ಯಾವ ಕಿಟಕಿ ಹುಡುಕ್ತಿದೀರಿ ನೀವು?” ಎಂದಳು.

ಒಂದು ಸಾಲಾದರೂ ಬರೆ.

ತಮ್ಮ

*

ಮಾರ್ಚ್ ೬

ತಮ್ಮಾ,

ಕೋಪವಿಲ್ಲ. ನಾಲ್ಕು ಸಲ ಬರೆದು ಹರಿದೆ. ಫೋನು ಮಾಡೋಣ ಎಂದರೆ, ನಿನ್ನ ದನಿ ಕೇಳಿದ ಕೂಡಲೇ ಮತ್ತೆ ಸುಳ್ಳು ಹೇಳಿಬಿಡುತ್ತೇನೆ. ನನ್ನನ್ನು ನಾನು ಬಲ್ಲೆ. ಕೂತು ಓದು.

ಜ್ವರ ನಾಲ್ಕನೆಯ ದಿನ ಬಂತು. ಗಾಜಿನ ಮೂಲಕ ಬರುವ ಬೆಳಕಿಗೆ ಹಸಿರು ಛಾಯೆ ಎಂದು ಅಪ್ಪ ಕಿಟಕಿ ತೆರೆದೇ ಇಡುತ್ತಿದ್ದರು. ಹೊರಗೆ ಹಿಮ ಬೀಳುತ್ತಿತ್ತು. ಗುಬ್ಬಿ ತೆಳು ಅಂಗಿಯಲ್ಲಿ ಕೂತಿರುತ್ತಿದ್ದಳು. ಸಂಜೆ ಅಮ್ಮ ಬರುವ ಹೊತ್ತಿಗೆ ಕಿಟಕಿ ಮುಚ್ಚಿ, ಅವಳಿಗೆ ಉಣ್ಣೆಯಂಗಿ ಹಾಕಿ, ಒಲೆಯ ಮುಂದೆ ಕೂರಿಸಿರುತ್ತಿದ್ದೆವು. ಮಗು ಒಲೆಯ ಕಾವಿಗೆ ಕೆಂಪಾಗಿದೆ ಎಂದು ಅಮ್ಮ ಅಂದುಕೊಂಡಳು. ಎಂಟನೆಯ ದಿನ ಬೆಳಿಗ್ಗೆ ಅವಳಿಗೂ ಸಂಶಯ ಬಂತು. ಪಾಳಿಗೆ ಹೊರಟವಳು ಬಾಗಿಲಲ್ಲಿ ನಿಂತು, “ಮಧ್ಯಾಹ್ನ ಹೋಗಿ ಡಾಕ್ಟರನ್ನ ಕರ್ಕೊಂಡು ಬಾ, ಮರೀಬೇಡ” ಎಂದಳು.

ನಾನು ಮರೆಯಲಿಲ್ಲ. ಕೋಟು ಹಾಕಿಕೊಂಡು ಇಳಿದೆ. ಎರಡನೆಯ ಮಹಡಿಯ ತಿರುವಿನಲ್ಲಿ ಅಪ್ಪ ಹಿಂದಿನಿಂದ ಬಂದು ತೋಳು ಹಿಡಿದರು. ಕೈಯಲ್ಲಿ ಬ್ರಷ್ ಹಾಗೇ ಇತ್ತು, ನನ್ನ ತೋಳಿಗೆ ಬಣ್ಣ ಹತ್ತಿತು.

“ಇನ್ನು ಎರಡೇ ದಿನ,” ಅಂದರು. “ಡಾಕ್ಟರು ಬಂದ್ರೆ ಮಲಗಿಸಿಬಿಡ್ತಾರೆ. ಔಷಧಿ ಕೊಡ್ತಾರೆ, ಜ್ವರ ಇಳಿಯುತ್ತೆ. ಆ ಬಣ್ಣ ಮತ್ತೆ ಬರಲ್ಲ ಕಣೇ.”

ಅವರಿಗೆ ಗೊತ್ತಿತ್ತು, ತಮ್ಮಾ. ಏನನ್ನು ಬರೆಯುತ್ತಿದ್ದೇನೆ ಎಂದು ಪೂರಾ ಗೊತ್ತಿತ್ತು.

“ಅಮ್ಮ ಕೇಳಿದ್ರೆ?” ಎಂದೆ.

“ಅವರು ಮನೇಲಿರಲಿಲ್ಲ ಅನ್ನು.”

ಅವರು ಗದರಿಸಲಿಲ್ಲ. ಬೇಡಿಕೊಂಡರು. ಅಪ್ಪ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ಇಳಿದು ಹೋಗಿ ಬೀದಿಯ ತುದಿಯ ಕಲ್ಲುಬೆಂಚಿನ ಮೇಲೆ ಕೂತೆ. ಡಾಕ್ಟರ ಮನೆಗೆ ಹೋಗಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತೆ. ಅಲ್ಲಿಂದ ಅವರ ಮನೆಯ ಬಾಗಿಲು ಕಾಣಿಸುತ್ತಿತ್ತು. ಅವರು ಹೊರಗೆ ಬಂದು ಮೆಟ್ಟಿಲ ಹಿಮ ತಳ್ಳಿ ಒಳಗೆ ಹೋದರು. ಅದನ್ನೂ ನೋಡಿದೆ.

ಸಂಜೆ ಅಮ್ಮ ಕೇಳಿದಳು. ಮನೆಯಲ್ಲಿರಲಿಲ್ಲ ಎಂದೆ. “ಎಲ್ಲಿಗೆ ಹೋಗಿದ್ರಂತೆ?” ಎಂದಳು. ಅದಕ್ಕೆ ಅಪ್ಪ ಉತ್ತರ ಹೇಳಿಕೊಟ್ಟಿರಲಿಲ್ಲ. “ಹೆರಿಗೆಗೆ” ಎಂದುಬಿಟ್ಟೆ. ಆ ಹೆರಿಗೆ ನನ್ನದು, ತಮ್ಮಾ. ನಾನೇ ಹುಟ್ಟಿಸಿದ್ದು. ನಿನ್ನ ಪುಸ್ತಕದಲ್ಲಿ ಅದನ್ನು ಓದಿದ ದಿನ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಅದನ್ನು ಬರೆದು ಪಾಸಾಗುತ್ತಾರೆ.

ಮರುದಿನವೂ ಅದೇ ಸುಳ್ಳು. ಹತ್ತನೆಯ ದಿನ ಅಮ್ಮ ರಜೆ ಹಾಕಿ ತಾನೇ ಓಡಿದಳು. ಡಾಕ್ಟರು ಬಂದರು. ಗುಬ್ಬಿಯನ್ನು ಮಲಗಿಸಿದರು. ಅಪ್ಪ ಆ ದಿನ ಮತ್ತು ಮರುದಿನ ಖಾಲಿ ಕುರ್ಚಿ ನೋಡಿಕೊಂಡು ಪರದೆ, ನೆಲ ಮುಗಿಸಿದರು. ನಿನಗೆ ಹನ್ನೊಂದು ದಿನ ಎಂದು ಬರೆದದ್ದು ಆ ಎರಡನ್ನೂ ಸೇರಿಸಿ. ಗುಬ್ಬಿ ಹದಿಮೂರನೆಯ ದಿನ ಹೋದಳು.

ಡಾಕ್ಟರು ಬಂದ ಮೊದಲ ದಿನ ನನ್ನನ್ನು ಬಾಗಿಲ ಹೊರಗೆ ಕರೆದು, “ಎರಡು ದಿನ ನೀನು ಬಂದು ಹೋದೆ ಅಂತ ನಿಮ್ಮಮ್ಮ ಹೇಳ್ತಿದ್ದಾರೆ. ನಾನು ಮನೇಲೇ ಇದ್ದೆನಲ್ಲ ಮಗು?” ಎಂದರು. ನಾನು ನೆಲ ನೋಡಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದರು. ಅಮ್ಮ ಸಾಯುವ ತನಕ ಅವರನ್ನು ಶಪಿಸಿದಳು. ಅವರು ಎದುರಿಗೆ ಬಂದರೆ ಬೀದಿ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ನನ್ನ ಕೈ ಹಿಡಿದುಕೊಂಡೇ ದಾಟುತ್ತಿದ್ದಳು.

ಮೂವತ್ತೊಂದು ವರ್ಷ ಶಾಲೆಯಲ್ಲಿ ನರ್ಸ್ ಆಗಿದ್ದೆ. ಒಂದು ಮಗುವಿನ ಜ್ವರವೂ ನನ್ನ ಕಣ್ಣು ತಪ್ಪಿಸಲಿಲ್ಲ. ಎಲ್ಲರೂ ಹೊಗಳಿದರು.

ನಿನ್ನ ಪುಸ್ತಕ ಬಂದಾಗಲೇ ಹೇಳಬೇಕಿತ್ತು. ನೀನು ತುಂಬ ಸಂತೋಷದಲ್ಲಿದ್ದೆ. ಆಮೇಲೆ ಅದು ಎರಡನೆಯ ಮುದ್ರಣವಾಯಿತು, ಆರನೆಯದಾಯಿತು. ಅಷ್ಟು ಜನರ ಮುಂದೆ ನಿನ್ನ ಕಾಲು ಹೇಗೆ ಎಳೆಯಲಿ?

ಅಕ್ಕ

*

ಮಾರ್ಚ್ ೧೨

ಅಕ್ಕ,

ಕಾಗದ ತಲುಪಿತು. ಈಗ ಏನನ್ನೂ ಬರೆಯಲಾರೆ. ನೀನೂ ಸದ್ಯಕ್ಕೆ ನನಗೆ ಬರೆಯಬೇಡ.

*

ಏಪ್ರಿಲ್ ೮

ಅಕ್ಕ,

ಒಂದು ತಿಂಗಳು ನಿನ್ನನ್ನು ಸುಮ್ಮನೆ ಬಿಟ್ಟೆ. ನಿನ್ನ ಮೇಲೆ ಸಿಟ್ಟು ಎಂದುಕೊಂಡಿರುತ್ತೀಯ. ಮೊದಲ ಎರಡು ದಿನ ಅದು ನಿಜವೇ. ಆಮೇಲೆ ಆದದ್ದು ಬೇರೆ.

ಬೀದಿಯಲ್ಲಿ ಆಡಿಕೊಂಡಿದ್ದೆ ಎಂದು ನಿನಗೆ ಬರೆದೆ. ಎಲ್ಲರಿಗೂ ಹಾಗೇ ಹೇಳುತ್ತಾ ಬಂದಿದ್ದೇನೆ. ನೀನು ಶಾಲೆಗೆ ಹೋಗಿರುತ್ತಿದ್ದೆ, ಮಧ್ಯಾಹ್ನ ಬರುತ್ತಿದ್ದೆ. ಬೆಳಿಗ್ಗೆ ಆ ಕೋಣೆಯಲ್ಲಿ ನಾನಿದ್ದೆ. ನಮ್ಮ ಚಿಕ್ಕವರ ಶಾಲೆಗೆ ಆಗಲೇ ಚಳಿಗಾಲದ ರಜೆ. ಗುಬ್ಬಿಯನ್ನು ಒಂದು ನಿಮಿಷ ಒಂದು ಕಡೆ ಕೂರಿಸುವುದು ಯಾರಿಂದ ಆಗುತ್ತಿತ್ತು ಹೇಳು? ಅಪ್ಪ ನನ್ನನ್ನು ಅವಳ ಕಣ್ಣಿನ ನೇರಕ್ಕೆ ಸ್ಟೂಲಿನ ಮೇಲೆ ಕೂರಿಸಿದ್ದರು. ಕಥೆ ಹೇಳುವುದು ನನ್ನ ಕೆಲಸ. ಹಾಳಾದದ್ದು, ಚೆನ್ನಾಗಿಯೇ ಹೇಳುತ್ತಿದ್ದೆ. ಅವಳು ನಡುನಡುವೆ, “ಅಣ್ಣಾ, ಇಳೀಲಾ?” ಎನ್ನುತ್ತಿದ್ದಳು. ನಾನು, “ಅಲುಗಾಡಿದ್ರೆ ಅಪ್ಪ ನಿನ್ನ ಅಳಿಸಿಬಿಡ್ತಾರೆ. ಆಮೇಲೆ ನೀನೇ ಇರಲ್ಲ” ಎನ್ನುತ್ತಿದ್ದೆ. ಅವಳು ನಂಬಿದಳು. ಕೊನೆಕೊನೆಗೆ ಕೇಳುವುದನ್ನೇ ಬಿಟ್ಟಳು. ಚಿತ್ರದಲ್ಲಿ ಅವಳು ಅಷ್ಟು ನಿಶ್ಚಲವಾಗಿದ್ದಾಳಲ್ಲ, ನೋಡಿದವರೆಲ್ಲ ಧ್ಯಾನ, ಶಾಂತಿ ಎಂದು ಬರೆದಿದ್ದಾರಲ್ಲ, ಅದು ಹೆದರಿಕೆ. ಅವಳು ನೋಡುತ್ತಿರುವುದು ಕಿಟಕಿಯ ಆಚೆಗಲ್ಲ. ನನ್ನನ್ನು.

ನಿನ್ನ ಸುಳ್ಳು ನನಗೆ ಎಷ್ಟು ಬೇಕಾಗಿತ್ತು ಎಂದು ಈಗ ಗೊತ್ತಾಗುತ್ತಿದೆ. ಡಾಕ್ಟರು ಮನೆಯಲ್ಲಿರಲಿಲ್ಲ ಎಂದ ಮೇಲೆ ಸ್ಟೂಲಿನ ಮೇಲೆ ಕೂತಿದ್ದವನನ್ನು ಯಾರೂ ಏನೂ ಕೇಳುವುದಿಲ್ಲ. ಅಪ್ಪನ ಪರ ವಾದಿಸುತ್ತಿದ್ದೇನೆ ಎಂದು ನಂಬಿಕೊಂಡು ಇಡೀ ಆಯುಷ್ಯ ನನ್ನ ವಕಾಲತ್ತನ್ನೇ ವಹಿಸಿದೆ. ನೀನು ಹೇಳಿದ್ದು ಒಂದು ಮಾತು. ಅದರ ಮೇಲೆ ಮುನ್ನೂರು ಪುಟ ಕಟ್ಟಿದವನು ನಾನು. ಹದಿನಾಲ್ಕರ ಹುಡುಗಿಗಿಂತ ಅರವತ್ನಾಲ್ಕರ ಪ್ರೊಫೆಸರನ ಮೇಲೆ ಹೆಚ್ಚು ಹೊರೆ ಇರಬೇಕು. ಇದನ್ನು ಸಮಾಧಾನಕ್ಕೆ ಬರೆಯುತ್ತಿಲ್ಲ, ಲೆಕ್ಕಾಚಾರ ಮಾಡಿಯೇ ಬರೆಯುತ್ತಿದ್ದೇನೆ.

ಕೊನೆಯ ಪಾಠ ಕಳೆದ ಬುಧವಾರ ಆಯಿತು. ಹಳೆಯ ವಿದ್ಯಾರ್ಥಿಗಳು, ಸಹೋದ್ಯೋಗಿಗಳು, ಸಭಾಂಗಣ ತುಂಬಿತ್ತು. ಹೂಗುಚ್ಛ ಬೇರೆ. ನಾನು ಟಿಪ್ಪಣಿ ಮುಚ್ಚಿಟ್ಟು ಎಲ್ಲವನ್ನೂ ಹೇಳಿದೆ. ನಿನ್ನ ಪಾಲನ್ನು ಹೇಳುವಾಗ ‘ಮನೆಯ ಇನ್ನೊಂದು ಮಗು’ ಎಂದಷ್ಟೇ ಹೇಳಿದೆ. ನನ್ನ ಪಾಲಿಗೆ ‘ನಾನು’ ಎಂದೆ. ಕನ್ನಡಕದ ಆ ಹುಡುಗಿ ಎದ್ದಳು.

“ಹಾಗಾದ್ರೆ ಆ ಚಿತ್ರ ಈಗ ಚೆನ್ನಾಗಿಲ್ವಾ ಸರ್?”

“ಇದೆ,” ಎಂದೆ. “ಅದೇ ತೊಂದರೆ.”

“ಆ ತೊಂದರೆಗೆ ಪರಿಹಾರ?”

“ನನ್ನ ಹತ್ರ ಇಲ್ಲಮ್ಮಾ. ಇದೆ ಅಂತ ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಕ್ಷಮೆ ಕೇಳ್ತಿದೀನಿ.”

ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ. ಎದ್ದು ಹೋದರು. ಹೂಗುಚ್ಛ ಮೇಜಿನ ಮೇಲೇ ಉಳಿಯಿತು.

ಗೋಡೆಗೆ ಹೊಸದಾಗಿ ಬರೆದುಕೊಟ್ಟೆ. ನಿರ್ದೇಶಕರು ಎರಡು ಸಲ ಓದಿದರು. “ಸರ್, ರಜಾ ದಿನ ಜನ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಇದನ್ನ ಹೇಗೆ ಹಾಕೋದು?” ಎಂದರು. ಮಕ್ಕಳನ್ನು ಕರೆದುಕೊಂಡು ಬರುವವರಿಗೇ ಬರೆದದ್ದು ಎಂದೆ. ಯೋಚಿಸುತ್ತೇನೆ ಎಂದಿದ್ದಾರೆ.

ಚಿತ್ರವನ್ನು ಕೆಳಗಿಳಿಸಿ ಎಂದು ಕುಟುಂಬದವರು ಕೇಳಿದರೆ ಅವರು ಒಪ್ಪಬಹುದು. ಕುಟುಂಬ ಎಂದರೆ ಇನ್ನು ನೀನು, ನಾನು. ಏನು ಮಾಡಲಿ? ನೀನು ಹೇಳಿದಂತೆ ಆಗಲಿ.

ತಮ್ಮ

*

ಏಪ್ರಿಲ್ ೧೯

ತಮ್ಮಾ,

ಇಳಿಸುವುದು ಬೇಡ. ಅವಳು ಇದ್ದಳು ಎನ್ನುವುದಕ್ಕೆ ಉಳಿದಿರುವುದು ಅದೊಂದೇ. ಉಗ್ರಾಣದ ಕತ್ತಲೆಯಲ್ಲಿ ಗೋಡೆಗೆ ಮುಖ ಮಾಡಿ ಇನ್ನೊಂದು ಐವತ್ತು ವರ್ಷ ಅವಳು ಯಾಕೆ ನಿಲ್ಲಬೇಕು?

ಆದರೆ ಗೋಡೆಯ ಮೇಲೆ ‘ಮನೆಯ ಇನ್ನೊಂದು ಮಗು’ ಎಂದು ನನ್ನನ್ನು ಮುಚ್ಚಿಡಬೇಡ. ‘ಹದಿನಾಲ್ಕು ವರ್ಷದ ಅಕ್ಕ’ ಎಂದು ಬರೆ. ನಿನ್ನ ಪಕ್ಕದಲ್ಲೇ ನಿಲ್ಲುತ್ತೇನೆ.

ನೀನು ಆ ಸ್ಟೂಲಿನ ಮೇಲೆ ಇದ್ದದ್ದು ನನಗೆ ಗೊತ್ತಿತ್ತು ಕಣೋ. ಮಧ್ಯಾಹ್ನ ಬಂದಾಗ ನಿನ್ನ ಕೈ ಮಂಜುಗಡ್ಡೆಯ ಹಾಗಿರುತ್ತಿತ್ತು. ಉಜ್ಜಿ ಬಿಸಿ ಮಾಡುತ್ತಿದ್ದವಳು ನಾನು. ನೀನೇ ಮರೆತಿದ್ದೀಯ ಎಂದುಕೊಂಡು, ಮರೆತದ್ದೇ ಒಳ್ಳೆಯದಾಯಿತು ಎಂದು ಸುಮ್ಮನಿದ್ದೆ. ನೋಡು, ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಾ ಮುದುಕರಾದೆವು.

ಅಕ್ಕ

*

ಮೇ ೩೦

ಪ್ರೀತಿಯ ಅಕ್ಕ,

ಹೊಸ ಕಟ್ಟಡ ತೆರೆಯಿತು. ನಿರ್ದೇಶಕರು ಎರಡು ಪುಟವನ್ನು ಒಂಬತ್ತು ಸಾಲಿಗೆ ಇಳಿಸಿದ್ದಾರೆ, ಆದರೆ ನಿಜವನ್ನು ಬಿಟ್ಟಿಲ್ಲ. ತೆರೆದ ಕಿಟಕಿ, ಜ್ವರ, ಕರೆಯದ ಡಾಕ್ಟರು, ಅಕ್ಕ, ಅಣ್ಣ ಎಲ್ಲ ಇದೆ.

ನಾನು ಒಂದಿಡೀ ದಿನ ಮೂಲೆಯಲ್ಲಿ ನಿಂತು ನೋಡಿದೆ. ಕೆಲವರು ಓದಿ ಬೇಗ ಹೊರಗೆ ಹೋದರು. ಕೆಲವರು ಓದಿದ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ನಿಂತರು. ಹೆಚ್ಚಿನವರು ಓದಲೇ ಇಲ್ಲ, ಎಷ್ಟು ಮುದ್ದಾಗಿದೆ ಎಂದು ಮುಂದೆ ಹೋದರು. ಪ್ರಕಾಶಕರಿಗೆ ಪುಸ್ತಕ ಇನ್ನು ಅಚ್ಚು ಹಾಕಬೇಡಿ ಎಂದು ತಿಳಿಸಿದ್ದೇನೆ.

ಚಳಿ ಹೋಗಿಲ್ಲ. ಹೋಗುತ್ತದೆ ಎಂದು ಕಾಯುತ್ತಲೂ ಇಲ್ಲ.

ತಮ್ಮ

*

ಜೂನ್ ೧೭

ತಮ್ಮಾ,

ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ನಮ್ಮ ಹಳೆಯ ಬೀದಿಗೆ ಹೋಗಿದ್ದೆ. ಡಾಕ್ಟರು ತೀರಿಕೊಂಡು ಇಪ್ಪತ್ತು ವರ್ಷವಾಯಿತಂತೆ. ಅದೇ ಮನೆಯ ಕೆಳಗೆ ಅವರ ಮಗಳು ಔಷಧಿ ಅಂಗಡಿ ಇಟ್ಟುಕೊಂಡಿದ್ದಾಳೆ. ನನಗಿಂತ ಎರಡು ಮೂರು ವರ್ಷ ಚಿಕ್ಕವಳು. ಅಂಗಡಿ ಖಾಲಿಯಾಗುವ ತನಕ ಕಾದು, ನಾನು ಯಾರು ಎಂದು ಹೇಳಿ, ಎಲ್ಲವನ್ನೂ ನಿಂತೇ ಹೇಳಿದೆ.

ಅವಳು ಕೂತುಕೊಳ್ಳಿ ಎನ್ನಲಿಲ್ಲ. ಕೇಳಿ ಮುಗಿಸಿ, “ಈಗ ಬಂದ್ರಾ?” ಎಂದಳು. “ನಿಮ್ಮಮ್ಮ ಎಕ್ಸ್‌ಚೇಂಜಲ್ಲಿ ಎಲ್ಲರಿಗೂ ಹೇಳಿದ್ರು. ನಮ್ಮಪ್ಪನ ಹತ್ರ ಜನ ಬರೋದೇ ನಿಲ್ಲಿಸಿದ್ರು. ಶಾಲೇಲಿ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ. ಎಷ್ಟು ವರ್ಷ ಗೊತ್ತಾ?”

ಗೊತ್ತಿಲ್ಲ ಎಂದೆ. ಅಷ್ಟರಲ್ಲಿ ಯಾರೋ ಕೆಮ್ಮಿನ ಔಷಧಿಗೆ ಬಂದರು. ಅವಳು ಕೊಟ್ಟು ಕಳಿಸಿ, ಗಲ್ಲಾ ಮೇಜಿಗೆ ಎರಡೂ ಕೈ ಊರಿಕೊಂಡು ನಿಂತಳು. ಹೋಗಲು ತಿರುಗಿದೆ. ಆಗ ಹಿಂದಿನಿಂದ ಮಾತಾಡಿದಳು.

“ಅಪ್ಪಂಗೆ ಗೊತ್ತಿತ್ತು. ನೀವು ಬಂದೇ ಇರಲಿಲ್ಲ ಅಂತ ಮೊದಲನೇ ದಿನವೇ ಗೊತ್ತಿತ್ತು. ಅಮ್ಮ ದಿನಾ ಜಗಳ ಆಡ್ತಿದ್ಲು, ಹೋಗಿ ಹೇಳಿ, ನಿಮ್ಮ ತಪ್ಪಿಲ್ಲ ಅಂತ ಬೀದೀಲಿ ನಿಂತು ಹೇಳಿ ಅಂತ. ಅಪ್ಪ ಒಂದೇ ಮಾತು ಹೇಳ್ತಿದ್ರು. ‘ಬೇಡ. ಆ ಮನೇಲಿ ಇನ್ನೂ ಇಬ್ಬರು ಮಕ್ಕಳಿದ್ದಾರೆ.’”

ಆ ಇಬ್ಬರು ನಾವು, ತಮ್ಮಾ.

ಆಮೇಲೆ ಅವಳು ಒಳಗಿನಿಂದ ಕುರ್ಚಿ ತಂದು ಹಾಕಿದಳು. ನಾನು ಕೂತೆ.

ಅಕ್ಕ